ನೋಟದ ಚೆಂದ, ನಡತೆಯ ಚೆಂದ

ನದಿ ನೋಡಿದರೆ ಖುಷಿಯಾಗುತ್ತದೆ. ನೀರು ಕುಡಿದಿಲ್ಲ, ಮೀನು ಹಿಡಿದಿಲ್ಲ, ಆದರೂ ಖುಷಿ. ಇದರಿಂದ ಏನು ಪ್ರಯೋಜನ, ಕವಿತೆ, ಚಿತ್ರ ಎಲ್ಲ ಕಾಲಹರಣವಲ್ಲವೇ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ) ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಪ್ರೀತಿಯ ಕುರಿತು ಬರೆಯುವಾಗ ಇದೇ ಉದಾಹರಣೆ ಕೊಡುತ್ತಾರೆ. ಹಸಿರು, ಹರಿಯುವ ನೀರು ನಮಗೆ ಇಷ್ಟವಾಗುವುದು ತಿನ್ನಲಿಕ್ಕೆ, ಕುಡಿಯಲಿಕ್ಕೆ ಎಂದಲ್ಲ. ನೋಡುವುದೇ ಒಂದು ಸುಖ ಎಂಬುದು ಅವರ ವಾದ. ಲಾಭದ ಆಸೆಯಿಲ್ಲದ ಈ ಆನಂದದ ಬಗ್ಗೆ ಜರ್ಮನಿಯ ಕಾಂಟ್ ಬರೆದದ್ದು 1790ರಲ್ಲಿ.

ಗಝಾಲಿ ಅಲ್ಲಿಗೇ ನಿಲ್ಲುವುದಿಲ್ಲ. ಇಮಾಮ್ ಶಾಫಿಈ(ರ) ಅವರನ್ನು ಜನ ಪ್ರೀತಿಸುತ್ತಾರೆ, ಮುಖ ಕಂಡವರಿಲ್ಲ. ಹಾಗಾದರೆ ಪ್ರೀತಿಸುವುದು ಯಾವ ಚೆಂದವನ್ನು? ಅವರ ಜ್ಞಾನವನ್ನು, ಧರ್ಮನಿಷ್ಠೆಯನ್ನು. ಕಣ್ಣಿಗೆ ಕಾಣದ ಚೆಂದವೂ ಇದೆ, ಅದನ್ನು ಹೃದಯ ಕಾಣುತ್ತದೆ. ಉರ್ದುವಿನಲ್ಲಿ ‘ಹುಸ್ನ್’ ಎಂದರೆ ಸೌಂದರ್ಯ, ‘ಹುಸ್ನೆ ಅಖ್ಲಾಕ್’ ಎಂದರೆ ಒಳ್ಳೆಯ ನಡತೆ. ಕನ್ನಡದಲ್ಲೂ “ಅವಳ ಗುಣ ಚೆಂದ” ಎನ್ನುತ್ತೇವಲ್ಲ!

ಕವಿತೆಯ, ಕಟ್ಟಡದ ಸೊಬಗು ಅದನ್ನು ಮಾಡಿದವರ ಒಳಗುಣವನ್ನು ತೋರಿಸುತ್ತದೆ ಎಂದೂ ಅವರು ಹೇಳುತ್ತಾರೆ. ಇಲ್ಲಿ ನನಗೊಂದು ತೊಡಕು. ಕ್ರೂರಿಯೊಬ್ಬ ಸೊಗಸಾದ ಕವಿತೆ ಬರೆದರೆ? ಆ ಕವಿತೆಯಲ್ಲಿ ಕಾಣುವುದು ಅವನ ಅರಿವು, ಪಳಗಿದ ಕೈ. ಕರುಣೆಯಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕವಿತೆ ಚೆನ್ನಾಗಿದೆಯೆಂದು ಕವಿಯ ತಪ್ಪನ್ನು ಮುಚ್ಚುವವರೂ, ತಪ್ಪು ಮಾಡಿದನೆಂದು ಕವಿತೆಯನ್ನೇ ಕೆಟ್ಟದ್ದೆನ್ನುವವರೂ ಈ ಎರಡನ್ನು ಕಲಸಿಬಿಡುತ್ತಾರೆ.