ಕಲ್ಲಿನ ಕುಲಗೋತ್ರ

ಬಾದಾಮಿಯ ಮೂರನೆಯ ಗುಹೆಯನ್ನು ಕಂಡು ಬಂದವರು ಮಂಗಲೇಶನ ಹೆಸರನ್ನು ಹೇಳುವರು, ಕ್ರಿ. ಶ. 578ರ ಶಾಸನವನ್ನು ಸ್ಮರಿಸುವರು. ಶಿಲ್ಪಿಯ ಕೈಚಳಕವನ್ನು ಕೊಂಡಾಡುವರು. ಇದೆಲ್ಲವೂ ಯುಕ್ತವೇ ಸರಿ. ಆದರೆ ಆ ಉಳಿಗೆ ಮೈಯೊಡ್ಡಿದ ಕಲ್ಲು ಯಾವುದು, ಅದು ಹೇಗೆ ಹುಟ್ಟಿತು ಎಂದು ಕೇಳುವವರು ವಿರಳ. ಚಾಲುಕ್ಯರ ಶಾಸನಕ್ಕಿಂತ ಕೋಟ್ಯಂತರ ವರ್ಷ ಹಳೆಯದಾದ ಶಾಸನವೊಂದು ಆ ಕಲ್ಲಿನೊಳಗೇ ಇದೆ. ಖನಿಜಗಳೇ ಅದರ ಅಕ್ಷರಗಳು.

ಮರಳುಗಲ್ಲೆಂದರೆ ಅಳಿದ ಬೆಟ್ಟಗಳ ಅವಶೇಷ. ಮಳೆಬಿಸಿಲುಗಳಿಂದ ಪುಡಿಯಾದ ಬಂಡೆಗಳನ್ನು ಹೊಳೆಗಳು ಹೊತ್ತು ತಂದು ರಾಶಿಗೂಡಿಸಿದ ಮರಳೇ ಕಾಲಾಂತರದಲ್ಲಿ ಗಟ್ಟಿಗೊಂಡು ಕಲ್ಲಾಯಿತು. ಆದುದರಿಂದ ಮಕ್ಕಳ ಮುಖದಲ್ಲಿ ತಂದೆಯ ಚಹರೆ ತೋರುವಂತೆ ಮರಳಿನ ಕಣಗಳಲ್ಲಿ ಮೂಲಶಿಲೆಯ ಗುರುತು ಉಳಿದಿರುತ್ತದೆ. ಭೂಗರ್ಭಶಾಸ್ತ್ರಜ್ಞರು ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಅರೆದು, ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಮುನ್ನೂರರಿಂದ ಐನೂರು ಕಣಗಳನ್ನು ಎಣಿಸುವರು. ಬೆಣಚು, ಫೆಲ್ಡ್‌ಸ್ಪಾರ್, ಶಿಲಾಚೂರು ಎಂಬ ಮೂರರ ಪ್ರಮಾಣವೇ ವರ್ಗೀಕರಣಕ್ಕೆ ಆಧಾರ. ಬೆಣಚು ನೂರಕ್ಕೆ 95ನ್ನು ಮೀರಿದರೆ ಅದು ಬೆಣಚು ಮರಳುಗಲ್ಲು. ಫೆಲ್ಡ್‌ಸ್ಪಾರ್ 25ನ್ನು ಮೀರಿದರೆ ಆರ್ಕೋಸ್. ಫೆಲ್ಡ್‌ಸ್ಪಾರ್ ಹೆಚ್ಚಿದ್ದರೆ ಸಾಮಾನ್ಯವಾಗಿ ಗ್ರಾನೈಟಿನಂಥ ಮೂಲವು ಸಮೀಪದಲ್ಲಿತ್ತೆಂದೂ, ಲಾವಾಶಿಲೆಯ ಚೂರುಗಳಿದ್ದರೆ ಜ್ವಾಲಾಮುಖಿಗಳಿದ್ದವೆಂದೂ ಊಹಿಸಬಹುದು. ಅಮೇರಿಕದ ಡಿಕಿನ್ಸನ್ ಮತ್ತು ಸೂಚೆಕ್ ಎಂಬ ವಿದ್ವಾಂಸರು 1979ರಲ್ಲಿ ಈ ಎಣಿಕೆಯನ್ನು ಭೂಖಂಡಗಳ ರಚನೆಯೊಡನೆ ಜೋಡಿಸಿ ತೋರಿಸಿದರು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಚ್ಚನೆಯ ತೇವದ ಹವೆಯಲ್ಲಿ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಹಳೆಯ ಮರಳುಗಲ್ಲು ಮತ್ತೊಮ್ಮೆ ಪುಡಿಯಾದರೆ ಗಟ್ಟಿಯಾದ ಬೆಣಚು ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಹೀಗಾಗಿ ಬೇರೆ ಬೇರೆ ಯುಗಗಳ ಕಲ್ಲುಗಳು ಒಂದೇ ರೂಪವನ್ನು ತಾಳಬಲ್ಲವು.

ನಮ್ಮ ಕಲಾದಗಿ ಪ್ರದೇಶವೇ ಇದಕ್ಕೆ ನಿದರ್ಶನ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ಇಲ್ಲಿಯ ಶಿಲೆಗಳನ್ನು ಕಲಾದಗಿ ಎಂಬ ಒಂದೇ ಹೆಸರಿನಡಿಯಲ್ಲಿ ವರ್ಣಿಸಿದರು. ಅನಂತರದ ಶೋಧಕರು ಅದರಲ್ಲಿ ಎರಡು ಸಮೂಹಗಳನ್ನು ಗುರುತಿಸಿದರು. ಕೆಳಗಿನ ಬಾಗಲಕೋಟೆ ಸಮೂಹದ ಪದರಗಳು ಮಡಿಸಿಕೊಂಡು ಓರೆಯಾಗಿವೆ. ಅವು ಸವೆದ ಮೇಲೆ ಬಾದಾಮಿ ಸಮೂಹದ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿಕೊಂಡಿವೆ. ನಡುವೆ ದೀರ್ಘಕಾಲದ ಅಂತರವುಂಟು. ಎರಡರಲ್ಲಿಯೂ ಬೆಣಚು ತುಂಬಿದ ಕಲ್ಲುಗಳಿರುವುದರಿಂದ ಕೇವಲ ಬೆಣಚನ್ನು ನಂಬಿದವನು ಮೋಸಹೋದಾನು. ಕಣಗಳ ಎಣಿಕೆಯೊಡನೆ ಪದರಗಳ ಸ್ಥಿತಿಯನ್ನೂ ಕೇಳಬೇಕು. ನ್ಯಾಯಾಸನದಲ್ಲಿ ಕುಳಿತವರು ಇದನ್ನು ಬಲ್ಲರು: ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡುವುದು ಕ್ಷೇಮವಲ್ಲ.

ಈ ಸಾಕ್ಷಿಗಳು ಇರುವವರೆಗೆ ಮಾತ್ರ ವಿಚಾರಣೆ ಸಾಧ್ಯ. ಕಲ್ಲುಗಣಿಯಲ್ಲಿ ಒಡೆದು ಜಲ್ಲಿಯಾದ ಪದರವನ್ನು ಮರಳಿ ಓದಲಾಗದು. ಕಲ್ಲು ಬೇಡವೆಂದು ನಾವು ಹೇಳುವುದಿಲ್ಲ. ಮನೆಗೂ ಮಾರ್ಗಕ್ಕೂ ಅದು ಬೇಕು. ಒಡೆಯುವ ಮುನ್ನ ಪದರಗಳ ವಿವರವನ್ನು ಬರೆದಿಟ್ಟು, ಪ್ರತಿಯೊಂದರ ತುಣುಕನ್ನು ತೆಗೆದಿರಿಸಬೇಕೆಂಬುದೇ ನಮ್ಮ ಬೇಡಿಕೆ. ಆ ತುಣುಕುಗಳು ಊರ ಪ್ರೌಢಶಾಲೆಯಲ್ಲಿ ಕನ್ನಡದ ಹೆಸರುಚೀಟಿಗಳೊಡನೆ ಇರಲಿ. ಅಧಿಕಾರಿಗಳಿಗೆ ಇದು ಒಂದು ಆಜ್ಞೆಯ ಕೆಲಸ. ಉಪಾಧ್ಯಾಯರಿಗೆ ಒಂದು ಕಪಾಟಿನ ಕೆಲಸ. ಅರಸರ ಶಾಸನಗಳನ್ನು ಕಾಯುವ ನಾಡು ಕಲ್ಲಿನ ಶಾಸನವನ್ನು ಓದದೆಯೇ ಒಡೆಯುವುದು ತನ್ನ ನೆಲಕ್ಕೆ ತಾನೇ ಬಗೆಯುವ ದ್ರೋಹವಲ್ಲವೆ?