ಕಂಪಾಲದ ಅರ್ಬುದ ಸಂಸ್ಥೆ: ಪರದೇಶದ ನೆರವಿನ ಒಂದು ಲೆಕ್ಕ

ಪೂರ್ವ ಆಫ್ರಿಕದ ಯುಗಾಂಡ ದೇಶದ ರಾಜಧಾನಿಯಾದ ಕಂಪಾಲದಲ್ಲಿ, ಮುಲಾಗೊ ಗುಡ್ಡದ ಮೇಲೆ, ಅರ್ಬುದರೋಗದ ಚಿಕಿತ್ಸೆಗೆಂದೇ ಮೀಸಲಾದ ಸಂಸ್ಥೆಯೊಂದಿದೆ. ಜನರು ಕ್ಯಾನ್ಸರ್ ಎಂದು ಕರೆಯುವ ಈ ರೋಗ ಸಿರಿವಂತ ನಾಡುಗಳ ಬಾಧೆಯೆಂದು ಬಹುಮಂದಿ ನಂಬಿದ್ದ ಕಾಲದಲ್ಲಿ, ಎಂದರೆ ೧೯೬೭ರಲ್ಲಿ, ಕೆಲವೇ ಹಾಸಿಗೆಗಳೊಡನೆ ಅದು ಆರಂಭವಾಯಿತು. ಅಲ್ಲಿಂದೀಚೆಗೆ ವಿದೇಶೀ ನೆರವಿನ ಬಗೆಗಳನ್ನೆಲ್ಲ ಅದು ಕಂಡಿದೆ: ಹೊರನಾಡಿನ ವೈದ್ಯರು, ದಾನದ ಯಂತ್ರ, ವಿದ್ಯಾಸಂಸ್ಥೆಗಳ ಸಹಯೋಗ, ಬ್ಯಾಂಕಿನ ಸಾಲ. ಇವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ನೋಡಿದರೆ, ಬಡ ರಾಷ್ಟ್ರವೊಂದು ಇಂಥ ದುಬಾರಿ ಚಿಕಿತ್ಸೆಯನ್ನು ತನ್ನ ನೆಲದಲ್ಲಿ ಬೇರೂರಿಸುವ ಬಗೆ ತಕ್ಕಮಟ್ಟಿಗೆ ತಿಳಿಯುತ್ತದೆ.

ಈ ಕಥೆಯ ಮೂಲ ಒಬ್ಬ ಬಾಲಕನ ದವಡೆಯಲ್ಲಿದೆ. ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಐರ್ಲೆಂಡ್ ಮೂಲದವರು. ೧೯೫೭ರಲ್ಲಿ ಅವರಲ್ಲಿಗೆ ಕರೆತಂದ ಹುಡುಗನಿಗೆ ದವಡೆಯ ಎರಡೂ ಪಕ್ಕಗಳಲ್ಲಿ, ಮೇಲೂ ಕೆಳಗೂ ಗಡ್ಡೆಗಳೆದ್ದಿದ್ದುವು. ಅಂಥವೇ ಮಕ್ಕಳು ಬೇರೆಡೆಯೂ ಕಂಡುಬಂದುದರಿಂದ ಅವರು ೧೯೫೮ರಲ್ಲಿ ಆ ರೋಗವನ್ನು ಕುರಿತು ಲೇಖನ ಪ್ರಕಟಿಸಿದರು. ೧೯೬೧ರಲ್ಲಿ ಇಬ್ಬರು ಸಂಗಡಿಗರೊಡನೆ ಮೋಟಾರಿನಲ್ಲಿ ಸುಮಾರು ಹತ್ತು ಸಾವಿರ ಮೈಲಿ ಸುತ್ತಿ, ಸೆಕೆಯೂ ಮಳೆಯೂ ಹೆಚ್ಚಾಗಿರುವ, ಮಲೇರಿಯ ನೆಲೆಸಿರುವ ಸೀಮೆಗಳಲ್ಲಿಯೇ ಅದು ಹಬ್ಬಿದೆಯೆಂಬುದನ್ನು ಗುರುತಿಸಿದರು. ಕಂಪಾಲದಿಂದ ಲಂಡನ್ನಿಗೆ ಕಳುಹಿದ ಗಡ್ಡೆಯ ತುಣುಕುಗಳಿಂದ ಬೆಳೆಸಿದ ಜೀವಕೋಶಗಳಲ್ಲಿ ಎಪ್‌ಸ್ಟೀನ್, ಆಚಾಂಗ್ ಮತ್ತು ಬಾರ್ ಎಂಬ ಮೂವರು ೧೯೬೪ರಲ್ಲಿ ವೈರಸ್ ಒಂದನ್ನು ಕಂಡರು. ರೋಗಿಯ ದೃಷ್ಟಿಯಿಂದ ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದಿದ್ದಿತು. ಕತ್ತರಿಸಿ ತೆಗೆಯಲಾಗದ ಈ ಗಡ್ಡೆ ಔಷಧಕ್ಕೆ ಬೇಗನೆ ಕರಗುತ್ತಿದ್ದಿತು. ಕೆಲವು ಮಕ್ಕಳಲ್ಲಿ ಅದು ಮರಳಿ ಬರಲೇ ಇಲ್ಲ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಇಲ್ಲಿ ಆಸಕ್ತಿ ಹುಟ್ಟಿದುದು ಇದರಿಂದಲೇ. ಅದರ ತರುಣ ವೈದ್ಯ ಜಾನ್ ಜೀಗ್ಲರ್ ಕಂಪಾಲಕ್ಕೆ ಬಂದು, ಮಾಕೆರೆರೆ ವಿಶ್ವವಿದ್ಯಾಲಯ ಮತ್ತು ಯುಗಾಂಡದ ಆರೋಗ್ಯ ಖಾತೆಗಳ ಜತೆಗೂಡಿ ಚಿಕಿತ್ಸಾಕೇಂದ್ರವನ್ನು ಕಟ್ಟಿದರು. ಇದು ಬರಿಯ ಪರೋಪಕಾರವಾಗಿರಲಿಲ್ಲ. ಔಷಧಗಳನ್ನು ಪರೀಕ್ಷಿಸಲು ಒಂದು ಪಕ್ಷಕ್ಕೆ ರೋಗಿಗಳು ಬೇಕಾಗಿದ್ದರು. ಇನ್ನೊಂದು ಪಕ್ಷಕ್ಕೆ ಔಷಧವೇ ಬೇಕಾಗಿದ್ದಿತು. ಇಬ್ಬರಿಗೂ ಪ್ರಯೋಜನವಿರುವ ವ್ಯವಹಾರ ಒಬ್ಬನ ಔದಾರ್ಯವನ್ನು ನೆಚ್ಚಿದ ವ್ಯವಹಾರಕ್ಕಿಂತ ಹೆಚ್ಚು ಕಾಲ ನಡೆಯುವುದೆಂಬುದು ಲೇವಾದೇವಿಯನ್ನು ಬಲ್ಲವರಿಗೆ ಹೊಸ ಮಾತಲ್ಲ.

ಆದರೆ ಈ ವ್ಯವಹಾರಕ್ಕೂ ಕುತ್ತು ಬಂದಿತು. ೧೯೭೧ರಲ್ಲಿ ಇದಿ ಅಮೀನ್ ಅಧಿಕಾರ ಕಸಿದುಕೊಂಡನು. ಮರುವರ್ಷ ಆಗಸ್ಟಿನಲ್ಲಿ ಏಷ್ಯದವರನ್ನು ದೇಶ ಬಿಟ್ಟು ತೊಲಗುವಂತೆ ಆಜ್ಞಾಪಿಸಿದನು. ಹಾಗೆ ಹೊರದೂಡಲ್ಪಟ್ಟವರಲ್ಲಿ ಗುಜರಾತಿ ಮೂಲದವರೇ ಬಹುಮಂದಿ. ಜೀಗ್ಲರ್ ಕೂಡ ೧೯೭೨ರಲ್ಲಿಯೇ ಹೊರಟರು. ಸಾಮಾನ್ಯ ನ್ಯಾಯದಂತೆ ಸಂಸ್ಥೆ ಅಲ್ಲಿಗೇ ಮುಚ್ಚಬೇಕಾಗಿದ್ದಿತು. ಮುಚ್ಚಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಲ್ಲಿ ಪಳಗಿದ್ದ ಯುಗಾಂಡದವರೇ ಆದ ಚಾರ್ಲ್ಸ್ ಓಲ್ವೆನಿ ಅದರ ಹೊಣೆ ಹೊತ್ತರು. ದೇಶದಲ್ಲಿ ಆಗ ಕಿರಣಚಿಕಿತ್ಸೆಯ ಯಂತ್ರವಿರಲಿಲ್ಲ. ಹಾಜ್‌ಕಿನ್ ರೋಗವುಳ್ಳ ಮಕ್ಕಳಿಗೆ ಬೇರೆಡೆ ಕಿರಣಗಳನ್ನು ಬಳಸುತ್ತಿದ್ದರೆ, ಕಂಪಾಲದಲ್ಲಿ ಗತ್ಯಂತರವಿಲ್ಲದೆ ನಾಲ್ಕು ಔಷಧಗಳ ಮಿಶ್ರಣವೊಂದನ್ನೇ ಕೊಟ್ಟರು. ಆ ಮಕ್ಕಳಲ್ಲಿ ಅನೇಕರು ಚೇತರಿಸಿಕೊಂಡರು. ಹತ್ತು ವರ್ಷಗಳ ಅನುಭವವನ್ನು ಓಲ್ವೆನಿ ಮತ್ತು ಅವರ ಸಹೋದ್ಯೋಗಿಗಳು ೧೯೭೮ರಲ್ಲಿ ಪ್ರಕಟಿಸಿದಾಗ, ಇಲ್ಲದಿರುವಿಕೆಯಿಂದ ಹುಟ್ಟಿದ ಆ ಜ್ಞಾನ ಉಳ್ಳವರ ನಾಡಿಗೂ ಉಪಯೋಗಕ್ಕೆ ಬಂದಿತು.

ಮುಂದೆ ಓಲ್ವೆನಿಯವರೂ ದೇಶ ಬಿಟ್ಟರು. ಅಂತರ್ಯುದ್ಧದ ಮತ್ತು ಏಡ್ಸ್ ಪಿಡುಗಿನ ವರ್ಷಗಳಲ್ಲಿ ಎಡ್ವರ್ಡ್ ಕಟೊಂಗೊಲೆ-ಎಂಬಿದ್ದೆ ಸಂಸ್ಥೆಯನ್ನು ಹೇಗೋ ನಡೆಸಿಕೊಂಡು ಬಂದರು. ೨೦೦೪ರಲ್ಲಿ ಜ್ಯಾಕ್ಸನ್ ಓರೆಮ್ ನಿರ್ದೇಶಕರಾದರು. ಆಮೇಲೂ ಕೆಲವು ವರ್ಷ ಇಡೀ ದೇಶಕ್ಕೆ ಅವರೊಬ್ಬರೇ ಅರ್ಬುದತಜ್ಞರು. ಅಮೆರಿಕದ ಸಿಯಾಟಲ್ ನಗರದ ಫ್ರೆಡ್ ಹಚಿನ್‌ಸನ್ ಕೇಂದ್ರದೊಡನೆ ೨೦೦೮ರಲ್ಲಿ ಗಟ್ಟಿಗೊಂಡ ಸಹಯೋಗ ಈ ಕೊರತೆಯನ್ನೇ ಮೊದಲು ಹಿಡಿಯಿತು. ಕಟ್ಟಡಕ್ಕಿಂತ ಮುಂಚೆ ಜನರನ್ನು ತಯಾರಿಸತೊಡಗಿದರು: ಯುಗಾಂಡದ ವೈದ್ಯರು ಸಿಯಾಟಲ್ಲಿನಲ್ಲಿ ತರಬೇತಿ ಪಡೆದು ಮರಳಿದರು. ಮೂರು ಅಂತಸ್ತಿನ ಕಟ್ಟಡ ತೆರೆದದ್ದು ೨೦೧೫ರ ಮೇ ತಿಂಗಳಲ್ಲಿ. ಕ್ರಮ ಹಿಂದುಮುಂದಾಗಿದ್ದರೆ ಬಾಗಿಲ ಹಲಗೆಯ ಮೇಲೆ ಬರೆಯಲು ಹೆಸರುಗಳೇ ಇರುತ್ತಿರಲಿಲ್ಲ.

ಇದೇ ಗುಡ್ಡದ ಮೇಲೆ ಇನ್ನೊಂದು ಬಗೆಯ ನೆರವಿನ ಕಥೆಯೂ ನಡೆದಿದೆ. ೧೯೯೫ರಲ್ಲಿ ಮುಲಾಗೊ ಆಸ್ಪತ್ರೆಗೆ ಕೋಬಾಲ್ಟ್ ಕಿರಣಯಂತ್ರವೊಂದು ದಾನವಾಗಿ ಬಂದಿತು. ದೇಶಕ್ಕೆಲ್ಲ ಅದೊಂದೇ. ಕೋಬಾಲ್ಟ್-೬೦ ಎಂಬ ಲೋಹ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ತನ್ನ ಕಿರಣಬಲದಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತದೆ. ಲೆಕ್ಕಪತ್ರದಲ್ಲಿ ಆಸ್ತಿಯ ಸವಕಳಿಯನ್ನು ಅಂದಾಜಿನಿಂದ ಬರೆಯುವುದುಂಟು. ಇಲ್ಲಿ ಪ್ರಕೃತಿಯೇ ಅದನ್ನು ತಪ್ಪಿಲ್ಲದೆ ಬರೆಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಚಿಕಿತ್ಸೆಗೆ ಐದು ವರ್ಷದ ಮೇಲೆ ಇಪ್ಪತ್ತು ನಿಮಿಷ, ಹತ್ತು ವರ್ಷದ ಮೇಲೆ ನಲವತ್ತು ನಿಮಿಷ ಬೇಕು; ಎಂದರೆ ಹೊರಗೆ ಕಾದು ಕುಳಿತವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆಗಾಗ ಹೊಸ ಕೋಬಾಲ್ಟ್ ತುಂಬಬೇಕು, ಬಿಡಿಭಾಗಗಳು ಬೇಕು, ಕಿರಣಗಳನ್ನು ಅಳೆಯಬಲ್ಲ ಭೌತವಿಜ್ಞಾನಿ ಬೇಕು. ಯಂತ್ರವನ್ನಿರಿಸಲು ದಪ್ಪ ಕಾಂಕ್ರೀಟ್ ಗೋಡೆಗಳ ಕೋಣೆಯೂ ಬೇಕು; ಅದನ್ನು ಕಟ್ಟಲು ಹಣಕ್ಕಿಂತ ಕಾಲವೇ ಹೆಚ್ಚು ಹಿಡಿಯುತ್ತದೆ. ದಾನಪತ್ರಗಳಲ್ಲಿ ಯಂತ್ರದ ಬೆಲೆಯನ್ನು ಕಾಣಿಸುವಷ್ಟು ಸ್ಪಷ್ಟವಾಗಿ ಈ ವಾರ್ಷಿಕ ವೆಚ್ಚವನ್ನು ಕಾಣಿಸುವುದು ವಿರಳ.

೨೦೧೬ರಲ್ಲಿ ಆ ಯಂತ್ರ ದುರಸ್ತಿಗೆ ನಿಲುಕದಂತೆ ಕೆಟ್ಟಿತು. ಯುಗಾಂಡದ ಹೆಂಗಸರಲ್ಲಿ ಗರ್ಭಕಂಠದ ಅರ್ಬುದವೇ ಅಧಿಕ. ತಡವಾಗಿ ಬರುವವರಿಗೆ ಕಿರಣಚಿಕಿತ್ಸೆಯೇ ಮುಖ್ಯ ಆಧಾರ. ನೈರೋಬಿಯ ಆಗಾಖಾನ್ ಆಸ್ಪತ್ರೆ ನಾನೂರು ರೋಗಿಗಳಿಗೆ ಉಚಿತ ಚಿಕಿತ್ಸೆ ಕೊಡಲು ಮುಂದೆ ಬಂದಿತು. ಉಳಿದವರಲ್ಲಿ ಕೈಯಲ್ಲಿ ಹಣವಿದ್ದವರು ಗಡಿ ದಾಟಿದರು. ಇಲ್ಲದವರು ಮನೆಗೆ ಹಿಂದಿರುಗಿದರು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ ಹೊಸ ಕೋಬಾಲ್ಟ್ ಯಂತ್ರ ಉದ್ಘಾಟನೆಯಾದುದು ೨೦೧೮ರ ಜನವರಿಯಲ್ಲಿ. ಒಂದೂವರೆ ವರ್ಷಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಸಂಸ್ಥೆಯಲ್ಲಿ ತಜ್ಞರಿದ್ದರು, ಹೊಸ ಕಟ್ಟಡವಿತ್ತು, ಸಿಯಾಟಲ್ಲಿನ ಗೆಳೆತನವಿತ್ತು. ಇವೆಲ್ಲ ಇದ್ದೂ ಸವೆದ ಲೋಹಕ್ಕೆ ಬದಲಿಯಾಗಿ ನಿಲ್ಲಲಾರದೆ ಹೋದುವು. ಆದುದರಿಂದ ಮನುಷ್ಯರನ್ನು ತಯಾರಿಸಿದರೆ ಸಾಕು, ಯಂತ್ರ ತಾನಾಗಿ ಬರುವುದೆಂದು ವಾದಿಸುವುದೂ ಸರಿಯಲ್ಲ.

ಈ ವರ್ಷಗಳಲ್ಲಿ ಬಂದ ಬದಲಾವಣೆಗಳಲ್ಲಿ ಹೆಚ್ಚು ಗಮನಾರ್ಹವಾದುವು ಕಡಮೆ ಸುದ್ದಿಯಾದುವು. ೨೦೧೬ರ ಕಾಯಿದೆಯೊಂದು ಸಂಸ್ಥೆಗೆ ಸ್ವಾಯತ್ತತೆಯನ್ನು ಕೊಟ್ಟಿತು. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನಿಂದ ಯುಗಾಂಡ ಸರಕಾರ ಸಾಲ ಪಡೆದು, ನೆರೆಯ ದೇಶಗಳವರಿಗೂ ತರಬೇತಿ ನೀಡುವ ಕೇಂದ್ರವಾಗಿ ಅದನ್ನು ಬೆಳೆಸಲು ಹೊರಟಿತು. ಸಾಲವನ್ನು ತೀರಿಸಬೇಕಾಗುತ್ತದೆ, ನಿಜ. ಆದರೆ ತೀರಿಸುವವನು ಪ್ರತಿವರ್ಷವೂ ಲೆಕ್ಕ ನೋಡುತ್ತಾನೆ.

ಭಾರತವೂ ಈ ಲೆಕ್ಕದೊಳಗೆ ಸೇರಿದೆ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ರೂಪಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ಕಂಪಾಲದ ಸಂಸ್ಥೆಗೆ ಕೊಡುಗೆಯಾಗಿ ನೀಡುವುದಾಗಿ ಭಾರತ ಸರಕಾರ ೨೦೧೮ರ ಜುಲೈಯಲ್ಲಿ ಸಾರಿತು. ಆಮದಿನ ಯಂತ್ರಗಳನ್ನು ನೆಚ್ಚಿ ದಣಿದಿದ್ದ ದೇಶವೊಂದು ತಾನೇ ತಯಾರಿಸಿದ ಯಂತ್ರವಾದುದರಿಂದ ಅದರ ಬೆಲೆಯೂ ಹಗುರ. ಅದರೊಳಗಿನ ಕೋಬಾಲ್ಟ್ ಮಾತ್ರ ಬೇರೆ ಯಂತ್ರಗಳದರಂತೆಯೇ ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಅದನ್ನು ಬದಲಿಸುವ ವೆಚ್ಚ ಯಾವ ವರ್ಷದ ಆಯವ್ಯಯ ಪತ್ರದಲ್ಲಿ ಬರಬೇಕೆಂಬುದನ್ನು ಯಂತ್ರವನ್ನು ಸ್ವೀಕರಿಸಿದ ದಿನವೇ ಬರೆದಿಡಬಹುದು.