ಬಸದಿಯ ಪುಟ್ಟ ಮಾದರಿ: 3ಡಿ ಮುದ್ರಣಕ್ಕೆ ಮೊದಲಿನ ತಯಾರಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮೂರು ಅಂತಸ್ತಿನದು. ಇಂಥ ಕಟ್ಟಡದ ಕ್ಯಾಡ್ ನಕ್ಷೆ ಸಿಕ್ಕಿದರೆ 3ಡಿ ಪ್ರಿಂಟರಿನಲ್ಲಿ ಮಾದರಿ ತಾನಾಗಿ ಬಂದುಬಿಡುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಹಾಗಾಗುವುದಿಲ್ಲ.

ನೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ ಒಂದು ಅಡಿ ದಪ್ಪದ ಕಂಬ 3 ಮಿಲಿಮೀಟರ್ ಆಗುತ್ತದೆ, ನಿಲ್ಲುತ್ತದೆ. ಎರಡು ಇಂಚಿನ ಪಟ್ಟಿ ಅರ್ಧ ಮಿಲಿಮೀಟರಿಗೆ ಬರುತ್ತದೆ, ಕೈ ತಾಗಿದರೆ ಮುರಿಯುತ್ತದೆ. ಪ್ಲಾಸ್ಟಿಕ್ ಎಳೆ ಕರಗಿಸುವ ಸಾಮಾನ್ಯ ಯಂತ್ರದ ಮೂತಿಯ ರಂಧ್ರವೇ 0.4 ಮಿಲಿಮೀಟರ್. ಆದ್ದರಿಂದ ತೆಳುವಾದ ಭಾಗಗಳನ್ನು ಅಳತೆ ಮೀರಿ ದಪ್ಪ ಮಾಡಬೇಕು, ಕೆಲವು ಕುಸುರಿಗಳನ್ನು ಬಿಡಬೇಕು. ಯಾವುದನ್ನು ಬಿಡುವುದೆಂದು ಬಸದಿಯನ್ನು ಬಲ್ಲವರು ಹೇಳಬೇಕೇ ಹೊರತು ಮುದ್ರಣದ ಅಂಗಡಿಯವರಲ್ಲ.

ನಕ್ಷೆಯಲ್ಲಿ ಕಂಬ, ತೊಲೆ, ಮಾಡು ಬೇರೆ ಬೇರೆ ತುಂಡುಗಳು. ಒಟ್ಟಿಗೆ ಮುದ್ರಿಸುವ ತುಂಡುಗಳನ್ನು ನಡುವೆ ಬಿರುಕಿಲ್ಲದಂತೆ ಒಂದಾಗಿ ಬೆಸೆಯಬೇಕು. ಹೊರಗೆ ಕಾಣದ್ದನ್ನು ತೆಗೆದುಹಾಕಬಹುದು. ಅಂತಸ್ತುಗಳನ್ನು ಮಾತ್ರ ಪ್ರತ್ಯೇಕವಾಗಿ ಮುದ್ರಿಸಿ ಗೂಟ, ಕುಳಿಗಳಿಂದ ಕೂರಿಸುವುದು ವಾಸಿ. ಮೇಲಿನದನ್ನು ಎತ್ತಿದರೆ ಒಳಗಿನ ಕಂಬಗಳು ಮಕ್ಕಳಿಗೂ ಕಾಣುತ್ತವೆ. ಗೂಟದ ಸುತ್ತ ಸುಮಾರು 0.2 ಮಿಲಿಮೀಟರ್ ಸಂದು ಬೇಕು. ಅದನ್ನು ಅಳತೆ ಇಳಿಸಿದ ಮೇಲೆಯೇ ಕೊಡಬೇಕು. ಮೊದಲೇ ಕೊಟ್ಟರೆ ಸಂದೂ ನೂರು ಪಟ್ಟು ಕುಗ್ಗಿ ಇಲ್ಲದಂತಾಗುತ್ತದೆ.

ಯಂತ್ರಕ್ಕೆ ಸಾಮಾನ್ಯವಾಗಿ ಕಳಿಸುವುದು ಎಸ್‌ಟಿಎಲ್ ಫೈಲು. ಅದರಲ್ಲಿ ಬರೀ ಅಂಕಿ ಇರುತ್ತದೆ, ಇಂಚೋ ಮಿಲಿಮೀಟರೋ ನಮೂದಾಗಿರುವುದಿಲ್ಲ. ತಪ್ಪು ತಿಳಿದರೆ ಮಾದರಿಯ ಅಳತೆಯಲ್ಲಿ 25.4 ಪಟ್ಟು ವ್ಯತ್ಯಾಸ! ಪೂರ್ತಿ ಹಣ ಕಟ್ಟುವ ಮೊದಲು ಒಂದು ಕಂಬ, ಒಂದು ಜೊತೆ ಗೂಟ-ಕುಳಿ ಮುದ್ರಿಸಿ, ಅಳೆದು ನೋಡಬೇಕು.